ಟೆನ್ಷನ್ ಮಾತ್ರೆಗಳು: ಡಬ್ಬಿಯ ಹಿಂಬದಿ ಓದಿ ಬರೆದ ವಿಮರ್ಶೆ

"ಕೆಲಸದ ಟೆನ್ಷನ್ ಜಾಸ್ತಿಯಾಗಿದೆ, ಏನಾದ್ರೂ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ. ಒಂದು ಇಡೀ ಶೆಲ್ಫು ಎದುರಿಗೆ ಬರುತ್ತದೆ: ಅಶ್ವಗಂಧದ ಕ್ಯಾಪ್ಸೂಲು, ಮೆಗ್ನೀಶಿಯಂ, ಮೆಲಟೋನಿನ್ ಗಮ್ಮಿ, ಬಿ-ಕಾಂಪ್ಲೆಕ್ಸ್, ಬ್ರಾಹ್ಮಿ. ಗುರುತಿನ ಅಂಗಡಿಯಾದರೆ ಒಳಗಿನ ಡ್ರಾದಿಂದ ಕತ್ತರಿಯಲ್ಲಿ ಕತ್ತರಿಸಿದ ನಾಲ್ಕು ಪುಟ್ಟ ಮಾತ್ರೆಯೂ ಬರಬಹುದು. ಇವೆಲ್ಲದರ ಮುಂಬದಿ ಹೆಚ್ಚುಕಡಿಮೆ ಒಂದೇ ಮಾತಾಡುತ್ತದೆ: ಶಾಂತಿ, ನಿದ್ದೆ, ಚೈತನ್ಯ. ಹಿಂಬದಿ ಮಾತ್ರ ಒಂದೊಂದರದು ಒಂದೊಂದು ಕಥೆ. ಈ ವಿಮರ್ಶೆ ಹಿಂಬದಿಯದು.

ಕೊಳ್ಳುವ ಮೊದಲು ತೊಂದರೆಗೆ ಸರಿಯಾದ ಹೆಸರಿಡಿ. ಟೆನ್ಷನ್ ಎಂಬ ಒಂದೇ ಪದದಡಿ ನಾಲ್ಕೈದು ಬೇರೆ ಬೇರೆ ಕಾಟಗಳಿರುತ್ತವೆ: ರಾತ್ರಿ ನಿದ್ದೆ ಹತ್ತುವುದಿಲ್ಲ, ಪ್ರೆಸೆಂಟೇಶನ್ನಿಗೆ ಮುಂಚೆ ಕೈ ನಡುಗುತ್ತದೆ, ಹೊಟ್ಟೆ ಕೆಡುತ್ತದೆ, ಏಳುವಾಗಲೇ ಸುಸ್ತು, ಭಾನುವಾರ ಸಂಜೆಯಿಂದಲೇ ಎದೆ ಭಾರ. ಒಂದಕ್ಕೆ ಹೊಂದುವ ಮಾತ್ರೆ ಇನ್ನೊಂದಕ್ಕೆ ದಂಡ, ಕೆಲವೊಮ್ಮೆ ಅಪಾಯ.

ಅಶ್ವಗಂಧ

ಈ ಶೆಲ್ಫಿನ ರಾಜ ಇದೇ. ನಮ್ಮ ಹಿರೇಮದ್ದಿನ ಗಿಡದ ಬೇರು. ಗ್ರಂಧಿಗೆ ಅಂಗಡಿಯಲ್ಲಿ ಒಣಬೇರಾಗಿ, ಆಯುರ್ವೇದದ ಅಂಗಡಿಯಲ್ಲಿ ಚೂರ್ಣವಾಗಿ, ಆ್ಯಪಿನಲ್ಲಿ ಮಿನುಗುವ ಡಬ್ಬಿಯ ಕ್ಯಾಪ್ಸೂಲಾಗಿ ಸಿಗುತ್ತದೆ. ಮೂರಕ್ಕೂ ಬೆಲೆಯಲ್ಲಿ ಅಜಗಜಾಂತರ, ಹಾಗಾಗಿ ಲೆಕ್ಕ ಗೊತ್ತಿರಬೇಕು.

ಡಬ್ಬಿಯ ಮೇಲೆ ದೊಡ್ಡದಾಗಿ "500 ಮಿ.ಗ್ರಾಂ" ಎಂದಿದ್ದರೆ ಅದು ಬೇರಿನ ಪುಡಿಯೋ, ಬೇರಿನ ಸಾರವೋ ಎಂದು ಮೊದಲು ನೋಡಿ. ಪುಡಿಯಾದರೆ ಆಯುರ್ವೇದದ ಫಾರ್ಮಕೊಪಿಯಾ (ಔಷಧಿಗಳ ಅಧಿಕೃತ ಗ್ರಂಥ) ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. 500 ಮಿ.ಗ್ರಾಂ ಪುಡಿ ತುಂಬಿದ ಕ್ಯಾಪ್ಸೂಲನ್ನು ದಿನಕ್ಕೆರಡು ನುಂಗಿದರೂ ಒಂದೇ ಗ್ರಾಂ ಆಯಿತು. ಅಷ್ಟಕ್ಕೆ ಚೂರ್ಣದ ಪ್ಯಾಕೆಟ್ಟೇ ಸಾಕು: ಒಂದು ಸಣ್ಣ ಚಮಚ ಸುಮಾರು 3 ಗ್ರಾಂ, ಬಿಸಿ ಹಾಲಿಗೆ ಕದಡಿದರಾಯಿತು. ರುಚಿ ಚೆನ್ನಾಗಿರುವುದಿಲ್ಲ, ವಾಸನೆಯಂತೂ ಹೆಸರೇ ಹೇಳುವ ಹಾಗೆ ಕುದುರೆಯದು. ಕ್ಯಾಪ್ಸೂಲಿಗೆ ಕೊಡುವ ಹೆಚ್ಚಿನ ದುಡ್ಡು ಬಹುಪಾಲು ಈ ವಾಸನೆ ತಪ್ಪಿಸಿಕೊಳ್ಳುವುದಕ್ಕೆ.

ಸಾರವಾದರೆ ಮಿಲಿಗ್ರಾಂ ಬಿಟ್ಟು ವಿಥನೊಲೈಡ್ (ಈ ಗಿಡದ ಮುಖ್ಯ ಸಕ್ರಿಯ ಅಂಶ) ಶೇಕಡಾವಾರು ನೋಡಿ. 300 ಮಿ.ಗ್ರಾಂ ಸಾರದಲ್ಲಿ ಶೇ 5 ಇದ್ದರೆ 15 ಮಿ.ಗ್ರಾಂ ವಿಥನೊಲೈಡ್. 1,000 ಮಿ.ಗ್ರಾಂ ಎಂದು ಜಂಬ ಹೊಡೆಯುವ ಡಬ್ಬಿಯಲ್ಲಿ ಶೇ 1.5 ಇದ್ದರೆ ಅದೂ 15 ಮಿ.ಗ್ರಾಮೇ. ಶೇಕಡಾವಾರು ಬರೆದೇ ಇಲ್ಲವಾದರೆ ವಾಪಸ್ ಇಡಿ. ಬರೆದಿದ್ದರೂ ಅಳೆದ ವಿಧಾನ ಮುಖ್ಯ: ಎಚ್‌ಪಿಎಲ್‌ಸಿ ಎಂದಿದ್ದರೆ ಒಂದೊಂದು ವಿಥನೊಲೈಡನ್ನೂ ಬೇರ್ಪಡಿಸಿ ಅಳೆದದ್ದು. ಗ್ರ್ಯಾವಿಮೆಟ್ರಿ ಎಂದಿದ್ದರೆ ಅದು ತೂಕದ ಲೆಕ್ಕ, ಬೇರೆ ಪದಾರ್ಥಗಳೂ ಅದರಲ್ಲಿ ಸೇರಿ ಅಂಕಿ ಉಬ್ಬುತ್ತದೆ. "10:1 ಸಾರ, 6,000 ಮಿ.ಗ್ರಾಂ ಬೇರಿಗೆ ಸಮ" ಎನ್ನುವ ಸಾಲು ಕಣ್ಣಿಗೆ ಹಬ್ಬ, ಅಷ್ಟೇ; ವಿಥನೊಲೈಡ್ ಎಷ್ಟೆಂದು ಅದು ಹೇಳುವುದಿಲ್ಲ.

ಇನ್ನೊಂದು ಪದ ಹುಡುಕಿ: ಬೇರೋ, ಎಲೆಯೋ. ಎಲೆಯಲ್ಲಿ ವಿಥಫೆರಿನ್-ಎ (ಅದೂ ಒಂದು ವಿಥನೊಲೈಡ್) ಹೆಚ್ಚು, ಬೆಲೆ ಕಡಿಮೆ. ಹಾಗಾಗಿ ಶೇಕಡಾವಾರು ಏರಿಸಲು ಎಲೆ ಬೆರೆಸುವ ಆಮಿಷ ತಯಾರಕರಿಗೆ ಇದ್ದೇ ಇರುತ್ತದೆ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ. ಕೆಎಸ್‌ಎಂ-66 ಎಂಬ ಸಾರ ಬೇರಿನದಷ್ಟೇ. ಸೆನ್ಸೊರಿಲ್ ಬೇರು-ಎಲೆ ಎರಡರದೂ. ಬೇರೆ ಬೇರೆ ಬ್ರಾಂಡುಗಳ ಡಬ್ಬಿಯ ಹಿಂದೆ ಈ ಎರಡು ಹೆಸರು ಕಾಣಿಸುತ್ತಲೇ ಇರುತ್ತವೆ.

ಕೆಲಸ ಮಾಡುತ್ತದೆಯೇ? ಸ್ವಲ್ಪ. ಜಾಹೀರಾತುಗಳು ಎತ್ತಿ ತೋರಿಸುವ ಪ್ರಯೋಗ 2012ರಲ್ಲಿ ಪ್ರಕಟವಾದದ್ದು, ಹೈದರಾಬಾದಿನದು: 64 ಜನ, 300 ಮಿ.ಗ್ರಾಂ ಬೇರಿನ ಸಾರ ದಿನಕ್ಕೆರಡು ಬಾರಿ, 60 ದಿನ. ಒತ್ತಡದ ಅಂಕ ಇಳಿಯಿತು, ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಶೇ 27.9ರಷ್ಟು ಇಳಿಯಿತು. ಆಮೇಲಿನವೂ ಬಹುಪಾಲು ಇಷ್ಟೇ ಪುಟ್ಟವು, ಎರಡು ಮೂರು ತಿಂಗಳಿನವು. ಹಾಗಾಗಿ ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಎಂಬುದಕ್ಕೆ ಡಬ್ಬಿಯಲ್ಲಿ ಉತ್ತರ ಹುಡುಕಬೇಡಿ. ಮೂರನೇ ದಿನಕ್ಕೇ ಫಲ ಕಂಡಿತು ಎನ್ನುವ ಗ್ರಾಹಕರ ವಿಮರ್ಶೆಗಳನ್ನೂ ಅಷ್ಟಕ್ಕಷ್ಟೇ ನಂಬಿ. ನಾಲ್ಕರಿಂದ ಎಂಟು ವಾರ ಬೇಕು. ಎಂಟು ವಾರಕ್ಕೂ ವ್ಯತ್ಯಾಸ ಕಾಣದಿದ್ದರೆ ಎರಡನೇ ಡಬ್ಬಿಯಿಂದಲೂ ಕಾಣುವುದಿಲ್ಲ.

ಊಟದ ಜೊತೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ವಾಕರಿಕೆ, ಭೇದಿ. ಮಂಪರು ಬರುವವರಿಗೆ ಬೆಳಗಿನದು ಬೇಡ, ರಾತ್ರಿಯದು ಸಾಕು. ಗರ್ಭಿಣಿಯರು ಮುಟ್ಟಬಾರದು. ಥೈರಾಯ್ಡ್ ಹಾರ್ಮೋನನ್ನು ಇದು ಏರಿಸಬಲ್ಲದು, ಆದ್ದರಿಂದ ಹೈಪರ್‌ಥೈರಾಯ್ಡ್ ಇರುವವರಿಗೆ ಸಲ್ಲದು; ದಿನಾ ಬೆಳಿಗ್ಗೆ ಥೈರಾಕ್ಸಿನ್ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಶುರುಮಾಡಬಾರದು. ಲಿವರ್ ವಿಷಯ ಅಪರೂಪದ್ದಾದರೂ ನಿಜ: ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐದು ಪ್ರಕರಣಗಳು 2020ರಲ್ಲಿ ವರದಿಯಾದವು. ಶುರುಮಾಡಿದ ಎರಡರಿಂದ ಹನ್ನೆರಡು ವಾರದೊಳಗೆ ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಕಡು ಬಣ್ಣ. ಹೀಗಾದರೆ ಅದೇ ದಿನ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಬಹುತೇಕರಲ್ಲಿ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅಲ್ಲಿರುವ ಕನ್ನಡಿಗರಿಗೆ ಊರಿಂದ ಡಬ್ಬಿ ಕಳಿಸುವ ಅಪ್ಪ-ಅಮ್ಮಂದಿರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಒಂದೇ ಬೇರು ಎರಡು ಕಾನೂನಿನಡಿ ಮಾರಾಟವಾಗುತ್ತದೆ. ಆಯುಷ್ ಲೈಸೆನ್ಸ್ ಸಂಖ್ಯೆ ಇದ್ದರೆ ಔಷಧಿ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಆಹಾರ, ಔಷಧಿ ಬಳಕೆಗಲ್ಲ ಎಂಬ ಸಾಲು ಅದರ ಮೇಲಿರಲೇಬೇಕು. ಮುಂಬದಿಯಲ್ಲಿ ಆತಂಕ ನಿವಾರಣೆ ಎಂದು, ಹಿಂಬದಿಯಲ್ಲಿ ಔಷಧಿಯಲ್ಲ ಎಂದು ಒಂದೇ ಡಬ್ಬಿ ಹೇಳುವ ತಮಾಷೆ ಹೀಗೆ ಹುಟ್ಟಿದ್ದು. ಎರಡೂ ಸಂಖ್ಯೆ ಇಲ್ಲದ್ದನ್ನು ಕೊಳ್ಳಲೇಬೇಡಿ.

ಬ್ರಾಹ್ಮಿ: ಯಾವುದು?

ನಮ್ಮಲ್ಲಿ ಬ್ರಾಹ್ಮಿ ಎಂದರೆ ಅನೇಕರಿಗೆ ಒಂದೆಲಗ, ತುಳುವಿನ ತಿಮರೆ, ತಂಬುಳಿ ಮಾಡುವ ಸೊಪ್ಪು. ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ನೀರುಬ್ರಾಹ್ಮಿ, ಅಂದರೆ ಬಕೋಪಾ, ಗಿಡವೇ ಬೇರೆ. ಪ್ರಯೋಗಗಳಲ್ಲಿ ಬಳಸಿದ್ದು ಹೆಚ್ಚಾಗಿ ದಿನಕ್ಕೆ 300 ಮಿ.ಗ್ರಾಂ ಸಾರ, 12 ವಾರ. ಫಲ ಕಂಡಿರುವುದೂ ನೆನಪಿನ ಶಕ್ತಿಯ ಕಡೆಗೇ ಹೆಚ್ಚು. ಡೆಡ್‌ಲೈನ್ ಮುಂದಿನ ವಾರ ಇರುವವರಿಗೆ ಇದರಿಂದ ಏನೂ ಆಗದು. ಒಂದೆಲಗದ ತಂಬುಳಿ ಊಟಕ್ಕೆ ಚೆನ್ನ, ಅದನ್ನು ಮಾತ್ರೆಯ ಲೆಕ್ಕಕ್ಕೆ ತರುವುದು ಬೇಡ.

ನಿದ್ದೆಯ ಸಾಲು: ಮೆಲಟೋನಿನ್, ಮೆಗ್ನೀಶಿಯಂ

ಮೆಲಟೋನಿನ್ ದೇಹದ ಗಡಿಯಾರ ತಿದ್ದುವ ಹಾರ್ಮೋನು. ಹೊಡೆದು ಮಲಗಿಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಇದು ಒಪ್ಪುವುದು ಅಮೆರಿಕದ ಶಿಫ್ಟು ಮುಗಿಸಿ ಹಗಲಿನ ಶಿಫ್ಟಿಗೆ ತಿರುಗುವವರಿಗೆ, ವಿಮಾನದಲ್ಲಿ ಏಳೆಂಟು ತಾಸಿನ ವ್ಯತ್ಯಾಸ ದಾಟಿ ಬಂದವರಿಗೆ, ಬೆಳಗಿನ ಜಾವ ಮೂರು ಗಂಟೆಗಷ್ಟೇ ನಿದ್ದೆ ಬರುವ ಅಭ್ಯಾಸ ಅಂಟಿಸಿಕೊಂಡವರಿಗೆ. ನಾಳಿನ ರಿವ್ಯೂ ನೆನೆದು ಹೊರಳಾಡುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. 0.5ರಿಂದ 3 ಮಿ.ಗ್ರಾಂ ಸಾಕು, ಮಲಗುವ ಒಂದೆರಡು ಗಂಟೆ ಮೊದಲು. ಎಲ್ಲರೂ ಮಾಡುವ ತಪ್ಪು ಎಂದರೆ ಹಾಸಿಗೆಗೆ ಬಂದ ಮೇಲೆ 10 ಮಿ.ಗ್ರಾಂ ನುಂಗಿ, ಅರ್ಧ ಗಂಟೆ ಮೊಬೈಲ್ ನೋಡಿ, ಮರುದಿನ ತಲೆ ಭಾರ ಎಂದು ದೂರುವುದು. ಲೇಬಲ್ಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ: ಕೆನಡಾದಲ್ಲಿ 31 ಉತ್ಪನ್ನ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಲೇಬಲ್ಲಿಗಿಂತ ಶೇ 83 ಕಡಿಮೆಯಿಂದ ಶೇ 478 ಹೆಚ್ಚಿನವರೆಗೆ ವ್ಯತ್ಯಾಸ ಸಿಕ್ಕಿತ್ತು. ಗಮ್ಮಿ ಬೇಡ. ಮಿಠಾಯಿಯಂತಿರುವ ಔಷಧಿ ಮಕ್ಕಳಿರುವ ಮನೆಯಲ್ಲಿ ಇರಬಾರದು.

ಮೆಗ್ನೀಶಿಯಂ ಡಬ್ಬಿಯಲ್ಲಿ ಮೋಸ ಹೋಗುವುದು ಒಂದೇ ಪದದಿಂದ: "ಎಲಿಮೆಂಟಲ್", ಅಂದರೆ ಒಟ್ಟು ತೂಕದಲ್ಲಿ ಮೆಗ್ನೀಶಿಯಂ ಮಾತ್ರ ಎಷ್ಟು ಎಂಬುದು. ಮೆಗ್ನೀಶಿಯಂ ಬಿಸ್‌ಗ್ಲೈಸಿನೇಟ್ 1,000 ಮಿ.ಗ್ರಾಂ ಎಂದರೆ ಒಳಗಿನ ಮೆಗ್ನೀಶಿಯಂ ಸುಮಾರು 140 ಮಿ.ಗ್ರಾಂ. ಆಕ್ಸೈಡ್ ರೂಪದಲ್ಲಿ ಶೇ 60 ಮೆಗ್ನೀಶಿಯಂ ಇರುತ್ತದೆ, ಆದರೆ ಅದರಲ್ಲಿ ಮೈಗೆ ಹಿಡಿಯುವುದು ಸ್ವಲ್ಪವೇ, ಉಳಿದದ್ದು ಹೊಟ್ಟೆ ಸಡಿಲ ಮಾಡುತ್ತದೆ. ಗ್ಲೈಸಿನೇಟ್ ಎಂದು ಮುಂದೆ ಬರೆದು ಹಿಂದೆ ಸಣ್ಣಕ್ಷರದಲ್ಲಿ ಆಕ್ಸೈಡ್ ಬೆರೆಸಿದ್ದೇವೆ ಎನ್ನುವ ಡಬ್ಬಿಗಳಿವೆ. "ಬಫರ್ಡ್" ಎಂದರೆ ಬಹುಪಾಲು ಅದೇ. ಕಿಡ್ನಿ ತೊಂದರೆ ಇದ್ದವರಿಗೆ ಬೇಡ. ಥೈರಾಕ್ಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಜೊತೆ ನುಂಗಿದರೆ ಆ ಮಾತ್ರೆಗಳೇ ಹೀರಲ್ಪಡುವುದಿಲ್ಲ, ನಡುವೆ ನಾಲ್ಕು ಗಂಟೆ ಬಿಡಿ. ಅಂದಹಾಗೆ, 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 140 ಮಿ.ಗ್ರಾಂ ಮೆಗ್ನೀಶಿಯಂ ಇದೆ. ಮುದ್ದೆ ಉಣ್ಣುವ ಮನೆಗೆ ಈ ಡಬ್ಬಿ ಅಷ್ಟು ತುರ್ತಿನದಲ್ಲ.

ಸುಸ್ತಿಗೆ ವಿಟಮಿನ್ನು

ಬಿ-ಕಾಂಪ್ಲೆಕ್ಸ್ ತಿಂದು ಮೂತ್ರ ಗಾಢ ಹಳದಿಯಾದರೆ ಗಾಬರಿ ಬೇಡ, ಅದು ರೈಬೊಫ್ಲಾವಿನ್ ಹೊರಹೋಗುತ್ತಿರುವುದು. ಕೊರತೆ ಇಲ್ಲದವರಿಗೆ ಅದಕ್ಕಿಂತ ಹೆಚ್ಚಿನ ಫಲವೂ ಇಲ್ಲ. ಕೊರತೆ ಇದ್ದರೆ ಮಾತ್ರ ಕಥೆ ಬೇರೆ. ಸಸ್ಯಾಹಾರಿಗಳು, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತಿನ್ನುವವರು, "ಗ್ಯಾಸ್" ಎಂದು ವರ್ಷಾನುಗಟ್ಟಲೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ಬಿ12 ಪರೀಕ್ಷೆ ಮಾಡಿಸಿಕೊಳ್ಳಬೇಕು. ಸುಸ್ತು, ಮರೆವು, ಕೈಕಾಲು ಜೋಮು, ಸಿಡುಕು ಎಲ್ಲಕ್ಕೂ ಮೂಲ ಅಲ್ಲಿರಬಹುದು, ಮ್ಯಾನೇಜರನ್ನು ಬೈದು ಪ್ರಯೋಜನವಿಲ್ಲ. ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ ಶುರುಮಾಡಿ. ಮೊದಲೇ ತಿಂದರೆ ರಿಪೋರ್ಟು ಚೆನ್ನಾಗಿ ಬಂದು ಕೊರತೆ ಮುಚ್ಚಿಹೋಗುತ್ತದೆ.

ವಿಟಮಿನ್ ಡಿ3ಯ 60,000 ಐಯು ಸ್ಯಾಶೆಯೋ ಕ್ಯಾಪ್ಸೂಲೋ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಚೀಟಿ ಸರಿಯಾಗಿ ಓದದೆ ದಿನಕ್ಕೊಂದು ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ವಾಂತಿ, ಮಲಬದ್ಧತೆ, ಕಿಡ್ನಿ ತೊಂದರೆಯೊಂದಿಗೆ ಆಸ್ಪತ್ರೆ ಸೇರುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಕೂದಲಿಗೆಂದು ಬಯೋಟಿನ್ 5ರಿಂದ 10 ಮಿ.ಗ್ರಾಂ ತಿನ್ನುವವರು ಥೈರಾಯ್ಡ್ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ. ಕೆಲವು ಪರೀಕ್ಷಾ ವಿಧಾನಗಳಲ್ಲಿ ಅದು ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ತೋರಿಸುತ್ತದೆ.

ಕೈ ನಡುಕಕ್ಕೆ ಪ್ರೊಪ್ರನೊಲಾಲ್

ಚೀಟಿ ಬೇಕಾದ ಮಾತ್ರೆ, ಆದರೆ ಗೆಳೆಯರ ನಡುವೆ ಕೈ ಬದಲಾಯಿಸುವುದೇ ಹೆಚ್ಚು. ಅಡ್ರಿನಲಿನ್ ಹೃದಯಕ್ಕೆ ಮುಟ್ಟದಂತೆ ಇದು ತಡೆಯುತ್ತದೆ: ಎದೆಬಡಿತ, ನಡುಕ ಇಳಿಯುತ್ತವೆ, ಯೋಚನೆ ಇದ್ದಲ್ಲೇ ಇರುತ್ತದೆ. ವೇದಿಕೆ ಹತ್ತುವ, ಇಂಟರ್‌ವ್ಯೂ ಕೊಡುವ ಒಂದು ಗಂಟೆಯ ಭಯಕ್ಕೆ ಇದರಷ್ಟು ಅಚ್ಚುಕಟ್ಟಾದದ್ದು ಈ ಶೆಲ್ಫಿನಲ್ಲಿಲ್ಲ. ದಿನವಿಡೀ ಕಾಡುವ ಆತಂಕಕ್ಕೆ ಅಲ್ಲ. ವೈದ್ಯರು ಬರೆದರೆ ಮೊದಲ ಮಾತ್ರೆಯನ್ನು ರಜೆಯ ದಿನ ಮನೆಯಲ್ಲೇ ಪರೀಕ್ಷಿಸಿ, ತಲೆ ತಿರುಗುವುದೋ ನೋಡಿ. ಆಸ್ತಮಾ ಇರುವವರಿಗೆ ಇದು ನಿಷಿದ್ಧ, ಉಸಿರುನಾಳ ಬಿಗಿದು ಪ್ರಾಣಕ್ಕೆ ಬರಬಹುದು. ಬಾಲ್ಯದಲ್ಲಿ ವೀಜಿಂಗ್ ಇತ್ತು, ಈಗಿಲ್ಲ ಎನ್ನುವವರೂ ಹೇಳಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತ ಎಂಬ ಎಚ್ಚರಿಕೆಗಳನ್ನೇ ಇದು ಮುಚ್ಚಿಬಿಡುತ್ತದೆ. ಗೆಳೆಯನ ಸ್ಟ್ರಿಪ್ಪಿಗೆ ಕೈಚಾಚಬಾರದು ಎನ್ನುವುದು ಇದಕ್ಕೇ.

ಡ್ರಾದೊಳಗಿನ ಪುಟ್ಟ ಮಾತ್ರೆ

ಅಲ್ಪ್ರಜೋಲಾಂ 0.25 ಮಿ.ಗ್ರಾಂ, ಆತಂಕ ತಗ್ಗಿಸಿ ಮಂಪರು ತರುವ ಮಾತ್ರೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ, ಇಡೀ ಶೆಲ್ಫಿನಲ್ಲಿ ಖಂಡಿತ ಫಲ ಕೊಡುವುದು ಇದೊಂದೇ ಎನಿಸುತ್ತದೆ. ತೊಂದರೆಯೂ ಅಲ್ಲೇ. ಕೆಲವು ವಾರಗಳಲ್ಲಿ ಮೆದುಳು ಒಗ್ಗಿಕೊಂಡು ಅದೇ ಫಲಕ್ಕೆ 0.5 ಬೇಕಾಗುತ್ತದೆ. ಒಂದು ರಾತ್ರಿ ತಪ್ಪಿದರೆ ಮೊದಲಿಗಿಂತ ಹೆಚ್ಚು ಆತಂಕ ಬರುತ್ತದೆ. ಜನ ಅದನ್ನು "ನನ್ನ ಕಾಯಿಲೆ ಇನ್ನೂ ಇದೆ" ಎಂದುಕೊಳ್ಳುತ್ತಾರೆ, ಅದು ಮಾತ್ರೆ ಬಿಟ್ಟದ್ದರ ಕಾಟ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆದ್ದರಿಂದ ಇದನ್ನು ಓದಿ ನಾಳೆಯೇ ಬಿಡಲು ಹೋಗಬೇಡಿ. ಮನೋವೈದ್ಯರು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುತ್ತಾ ಬಿಡಿಸುತ್ತಾರೆ. ಮದ್ಯದ ಜೊತೆ ತೆಗೆದುಕೊಂಡರೆ ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸುತ್ತವೆ. ಶುಕ್ರವಾರದ ಟೀಮ್ ಪಾರ್ಟಿಯ ರಾತ್ರಿ ಈ ಮಾತ್ರೆ ಅತ್ಯಂತ ಅಪಾಯದ್ದು.

ಕಾನೂನಿನಲ್ಲಿ ಅಲ್ಪ್ರಜೋಲಾಂ, ಅದೇ ಮನೆತನದ ಡಯಾಜೆಪಾಂ, ನಿದ್ದೆ ಮಾತ್ರೆ ಜೋಲ್ಪಿಡೆಂ ಶೆಡ್ಯೂಲ್ ಎಚ್1ರಲ್ಲಿವೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸ್ಟ್ರಿಪ್ಪಿನಲ್ಲಿ ಕೆಂಪು ಚೌಕಟ್ಟಿನ ಎಚ್ಚರಿಕೆ ಇರಬೇಕು. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದಿಟ್ಟು ಆ ಪುಸ್ತಕವನ್ನು ಮೂರು ವರ್ಷ ಕಾಪಾಡಿಡಬೇಕು. ಚೀಟಿ ಕೇಳುವ ಅಂಗಡಿಯವರನ್ನು ಬೈಯುತ್ತಾರಲ್ಲ, ಅವರು ಸರಿ.

ಅನೇಕರು ಈ ಗುಂಡಿಗೆ ಬೀಳುವುದು ನೇರವಾಗಿ ಅಲ್ಲ, ಬೇರೆ ಹೆಸರಿನ ಮಾತ್ರೆಗಳ ಮೂಲಕ. ಟೆನ್ಷನ್ನಿಗೆ ಹೊಟ್ಟೆ ಕೆಡುತ್ತದೆ ಎಂದು ವೈದ್ಯರು ಹಿಂದೊಮ್ಮೆ ಬರೆದ ನಾರ್ಮಾಕ್ಸಿನ್ ನೋಡಿ: ಕ್ಲಿಡಿನಿಯಂ, ಡೈಸೈಕ್ಲೊಮಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ 5 ಮಿ.ಗ್ರಾಂ ಇದೆ, ಅದು ಡಯಾಜೆಪಾಂ ಮನೆತನದ್ದೇ. "ಗ್ಯಾಸಿನ ಮಾತ್ರೆ ಬಿಟ್ಟರೆ ಮನಸ್ಸಿಗೆ ಸರಿಯಿಲ್ಲ" ಎನ್ನುವವರ ಮಾತಿಗೆ ಅರ್ಥ ಅಲ್ಲಿದೆ. ಖಿನ್ನತೆ, ಆತಂಕಕ್ಕೆ ಕೊಡುವ ಎಸಿಟಲೊಪ್ರಾಂ ಹೆಸರಿನ ಮುಂದೆ "ಪ್ಲಸ್" ಇದ್ದರೆ ಸಾಮಾನ್ಯವಾಗಿ ಕ್ಲೊನಾಜೆಪಾಂ ಸೇರಿರುತ್ತದೆ, ಅದೂ ಡಯಾಜೆಪಾಂ ಮನೆತನದ್ದೇ. ಎಸಿಟಲೊಪ್ರಾಂ ಫಲ ಕೊಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರ ಚಡಪಡಿಕೆ ಹೆಚ್ಚಾಗಲೂಬಹುದು. ಆ ಅವಧಿ ದಾಟಿಸಲು ಕ್ಲೊನಾಜೆಪಾಂ ಊರುಗೋಲು. ತಿಂಗಳಾದ ಮೇಲೆ "ಪ್ಲಸ್" ಹೋಗಿ ಬರಿಯ ಎಸಿಟಲೊಪ್ರಾಂ ಉಳಿಯಬೇಕು. ಹಳೆಯ ಚೀಟಿಯನ್ನೇ ಆ್ಯಪಿಗೆ ಮತ್ತೆ ಮತ್ತೆ ಏರಿಸಿ ತರಿಸಿಕೊಂಡರೆ ಊರುಗೋಲೇ ಕಾಲಾಗುತ್ತದೆ. ಇನ್ನೊಂದು "ನರಕ್ಕೆ ಬಿ12" ಎಂದು ಕೊಡುವ ಮಾತ್ರೆ: ಮೆಕೊಬಾಲಮಿನ್ 1,500 ಮೈಕ್ರೊಗ್ರಾಂ ಜೊತೆ ಪ್ರಿಗಾಬಲಿನ್ 75 ಮಿ.ಗ್ರಾಂ. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಕೂಡ ಮೈ ಒಗ್ಗಿಕೊಳ್ಳುವ, ಒಮ್ಮೆಲೇ ಬಿಡಬಾರದ ಔಷಧಿ. ವಿಟಮಿನ್ ಎಂದುಕೊಂಡು ತಿಂದವರಿಗೆ ಮಂಪರು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು ಇಂಥ ಯಾವ ಮಾತ್ರೆಯನ್ನೂ ಚೀಟಿ ಮತ್ತು ಆ ದೇಶದ ಮುಂಚಿತ ಅನುಮತಿ ಇಲ್ಲದೆ ಬ್ಯಾಗಿನಲ್ಲಿಡಬಾರದು.

ಕಾಫಿಯೂ ಮಾತ್ರೆಯೇ

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನದ ಕೆಫೀನ್ ಮಿತಿ 300 ಮಿ.ಗ್ರಾಂ. ಅದರ ಲೆಕ್ಕದಲ್ಲಿ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟಿನಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ಚಿಕೋರಿಯಲ್ಲಿ ಕೆಫೀನಿಲ್ಲ, ಆದ್ದರಿಂದ ಶೇ 30 ಚಿಕೋರಿಯ ಪುಡಿ ಕುಡಿಯುವವರು ಸ್ವಲ್ಪ ಉದಾರವಾಗಿರಬಹುದು. 250 ಮಿ.ಲೀ. ಎನರ್ಜಿ ಡ್ರಿಂಕಿನಲ್ಲಿ ಎಫ್‌ಎಸ್‌ಎಸ್‌ಎಐ ಮಿತಿಯಂತೆ ಹೆಚ್ಚೆಂದರೆ 75. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ: ಸಂಜೆ ಆರರ ಸ್ಟ್ರಾಂಗ್ ಕಾಫಿಯ ಅರ್ಧಪಾಲು ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡುತ್ತಿರುತ್ತದೆ, ಅದರ ಮೇಲೆ ಹತ್ತು ಗಂಟೆಗೆ ಮೆಲಟೋನಿನ್ ನುಂಗುವುದು ಬ್ರೇಕು-ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ತುಳಿದಂತೆ. ಸಿಗರೇಟು ಬಿಟ್ಟವರಿಗೊಂದು ಸೂಚನೆ: ಸೇದುತ್ತಿದ್ದಾಗ ಕೆಫೀನ್ ಬೇಗ ಕರಗುತ್ತಿತ್ತು. ಬಿಟ್ಟ ಮೇಲೆ ಅದೇ ನಾಲ್ಕು ಕಪ್ಪು ಎದೆ ಹೊಡೆಸುತ್ತದೆ. ಕಾಫಿ ಇಳಿಸಿದರೆ ಸಾಕು, ಅದಕ್ಕೊಂದು ಮಾತ್ರೆ ಬೇಡ.

ದುಡ್ಡಿಲ್ಲದೆ ಸಿಗುವುದು

ಟೆಲಿ-ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ರಾತ್ರಿ ಎರಡಕ್ಕೆ ಡ್ರಾದೊಳಗಿನ ಮಾತ್ರೆ ನೆನಪಾಗುವವರಿಗೆ ಇದೇ ಮೊದಲ ಆಯ್ಕೆ. ಬೆಂಗಳೂರಿನಾಚೆಯವರಿಗೆ ಮನೋಚೈತನ್ಯ ಕಾರ್ಯಕ್ರಮವಿದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿಕೊಂಡು ಹೋಗಿ.

ಹೋಗುವಾಗ, ಫೋನ್ ಮಾಡುವಾಗ, ತಿನ್ನುತ್ತಿರುವ ಎಲ್ಲವನ್ನೂ ಮುಂದಿಟ್ಟುಕೊಳ್ಳಿ, ಚೂರ್ಣ, ಗಮ್ಮಿ ಸಮೇತ. ಬ್ರಾಂಡಿನ ಹೆಸರು ಬಿಟ್ಟು ಹಿಂಬದಿಯ ಕಂಪೋಸಿಷನ್ ಸಾಲನ್ನು ಓದಿ ಹೇಳಿ. ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಆ ಸಾಲೂ ಎಕ್ಸ್‌ಪೈರಿ ತಾರೀಕೂ ಉಳಿದಿರುವುದಿಲ್ಲ, ಹಾಗಾಗಿ ಅಂಗಡಿಯವರು ಕತ್ತರಿ ಎತ್ತಿದಾಗಲೇ ಪೂರ್ತಿ ಸ್ಟ್ರಿಪ್ಪಿನ ಹಿಂಬದಿಗೊಂದು ಫೋಟೊ ತೆಗೆದಿಟ್ಟುಕೊಳ್ಳಿ.